ಸಾರ್ವಜನಿಕ ಆಲಿಕೆಗೆ 22 ದಿನ ಉಳಿದಿದೆ, ವರದಿ ಇಂಗ್ಲಿಷಿನಲ್ಲಿದೆ. ಏನು ಮಾಡುವುದು?

ತೊಗರಿಹೊಲ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಊರು ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಯ ಕಡೆ. ಮನೆಯಲ್ಲಿ ಒಂಬತ್ತು ಎಕರೆ ತೊಗರಿ. ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ.

ನಮ್ಮ ಊರಿನ ಹಿಂದಿರುವ ಸುಣ್ಣಕಲ್ಲಿನ ಗಣಿಯನ್ನು ವಿಸ್ತರಿಸುತ್ತಾರಂತೆ. ಅದಕ್ಕೆ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳುವ ‘ಪರಿಸರ ಸಾರ್ವಜನಿಕ ಆಲಿಕೆ’ ಇದೆ ಎಂಬ ನೋಟಿಸನ್ನು ಪಂಚಾಯಿತಿ ಕಟ್ಟೆಯ ಫಲಕದಲ್ಲಿ ನಿನ್ನೆ ನೋಡಿದೆ. ಪತ್ರಿಕೆಯಲ್ಲಿ ಬಂದು ಎಂಟು ದಿನಗಳಾಗಿವೆಯಂತೆ. ಬಂದಿರುವುದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಇನ್ನೊಂದು ನಮ್ಮ ಊರಿಗೆ ಬಾರದ ಕನ್ನಡ ಪತ್ರಿಕೆಯಲ್ಲಿ.

ಗಣಿಯಿಂದ ಪರಿಸರಕ್ಕಾಗುವ ಪರಿಣಾಮದ ಬಗ್ಗೆ ಒಂದು ವರದಿ ಇದೆ. ಪಂಚಾಯಿತಿಯಲ್ಲಿ ಅದರ ಕನ್ನಡದ ಸಾರಾಂಶ ಸಿಕ್ಕಿತು, 14 ಪುಟ. ಪೂರ್ತಿ ವರದಿ 640 ಪುಟ, ಇಂಗ್ಲಿಷ್, ಜಿಲ್ಲಾ ಕೇಂದ್ರದಲ್ಲಿದೆ. ಸಾರಾಂಶದ ಕನ್ನಡ ಹೇಗಿದೆಯೆಂದರೆ, ‘ಗಣಿಯಿಂದ ಹೊರಬರುವ ಅತಿಯಾದ ಹೊರೆಯನ್ನು ಉತ್ತರ ದಿಕ್ಕಿನಲ್ಲಿ ಸುರಿಯಲಾಗುವುದು’ ಎಂದಿದೆ. ಅಪ್ಪ ಕೇಳಿದರು, ‘ಯಾರ ಹೊರೆ?’ ಅದು ಇಂಗ್ಲಿಷಿನ ‘ಓವರ್‌ಬರ್ಡನ್’, ಅಂದರೆ ಸುಣ್ಣಕಲ್ಲಿನ ಮೇಲಿನ ಮಣ್ಣು ಎಂದು ನನಗೆ ಹೊಳೆಯಲು ಅರ್ಧ ದಿನ ಬೇಕಾಯಿತು. ಧೂಳು, ಸದ್ದು ಬೇಗ ತಾಗುವ ಜಾಗ ಎನ್ನುವುದಕ್ಕೆ ನಮ್ಮ ಶಾಲೆಯನ್ನು ‘ಸೂಕ್ಷ್ಮ ಗ್ರಾಹಕ’ ಎಂದು ಕರೆದಿದ್ದಾರೆ. ನಾವು ಅವರಿಂದ ಏನನ್ನೂ ಕೊಂಡವರಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಲೇ?

ನಿರ್ವಾಹಕ · ಸೋಮವಾರ, ರಾತ್ರಿ 10.05

ಕಂಪನಿಯ ಹೆಸರು ಮತ್ತು ಅಧಿಕಾರಿಯ ಹೆಸರನ್ನು ಪೋಸ್ಟಿನಿಂದ ತೆಗೆದಿದ್ದೇನೆ. ಉಳಿದದ್ದು ಹಾಗೆಯೇ ಇದೆ.

ಹಳೆಯ ಟಪಾಲು · ಮಂಗಳವಾರ, ಬೆಳಿಗ್ಗೆ 6.15

ಮೇಷ್ಟ್ರೇ, ಅರ್ಜಿ ಹಾಕಿ. ಆದರೆ ಅದನ್ನು ನಂಬಿ ಕೂರಬೇಡಿ. 2005ರ ಕಾಯ್ದೆಯ ಪ್ರಕಾರ ಉತ್ತರ ಕೊಡಲು ಕಚೇರಿಗೆ 30 ದಿನ ಇದೆ, ನಿಮ್ಮ ಕೈಯಲ್ಲಿರುವುದು 22. ಇಪ್ಪತ್ತೊಂಬತ್ತನೇ ದಿನ ಉತ್ತರ ರವಾನಿಸುವುದರಲ್ಲಿ ನಮ್ಮವರು ಪಳಗಿದ ಕೈ. ನಾನೂ ಮೂವತ್ತೊಂದು ವರ್ಷ ಜಿಲ್ಲಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು, ಆ ಕಲೆ ನನಗೂ ಬರುತ್ತದೆ.

ನಿಮಗೆ ಬೇಕಾದದ್ದನ್ನು ನೋಡಲು ಅರ್ಜಿಯೇ ಬೇಕಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಲ್ಲೇ ಇದೆ: ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಂಬಂಧಪಟ್ಟ ಸ್ಥಳೀಯ ಸಂಸ್ಥೆ ಇಲ್ಲೆಲ್ಲ ಇಡಬೇಕು, ಕಚೇರಿ ವೇಳೆಯಲ್ಲಿ ಜನ ಬಂದು ನೋಡಬಹುದು. ಹೋಗಿ. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂದರೆ ಕುಳಿತುಕೊಳ್ಳಿ. ಕೊಡುವುದಿಲ್ಲ ಎಂದರೆ ಜಗಳವಾಡಬೇಡಿ, ‘ಇದನ್ನೇ ಹಿಂಬರಹದಲ್ಲಿ ಬರೆದುಕೊಡಿ’ ಎನ್ನಿ. ಬಾಯಲ್ಲಿ ಇಲ್ಲ ಎನ್ನುವ ಎಷ್ಟೋ ಜನರಿಗೆ ಪೆನ್ನು ಹಿಡಿದಾಗ ಕಡತ ಸಿಗುತ್ತದೆ.

ಒಂದು ಮೋಜಿನ ಸಂಗತಿ. ಪತ್ರಿಕೆ ತಲುಪದ ಊರುಗಳಲ್ಲಿ ಡಂಗುರ ಹೊಡೆಸಬೇಕು ಎಂದೂ ಅದೇ ಅಧಿಸೂಚನೆಯಲ್ಲಿದೆ. ನಿಮ್ಮ ಊರಿನಲ್ಲಿ ಡಂಗುರ ಸಾರಿದರೇ?

ತೊಗರಿಹೊಲ · ಮಂಗಳವಾರ, ಬೆಳಿಗ್ಗೆ 7.30

ಸರ್, ನಮ್ಮಲ್ಲಿ ಕೊನೆಯ ಬಾರಿ ಡಂಗುರ ಸಾರಿದ್ದು ಪೋಲಿಯೋ ಹನಿ ಹಾಕುವಾಗ.

ವಕೀಲೆ ಧಾರವಾಡ · ಮಂಗಳವಾರ, ಮಧ್ಯಾಹ್ನ 1.10

ಮೊದಲು ದಿನ ಎಣಿಸಿ. ನೋಟಿಸು ಪ್ರಕಟವಾದ ದಿನದಿಂದ ಸಭೆಯವರೆಗೆ ಜನರಿಗೆ ಕನಿಷ್ಠ 30 ದಿನ ಸಿಗಬೇಕು. ಎಂಟು ಮತ್ತು ಇಪ್ಪತ್ತೆರಡು ಸೇರಿದರೆ ಮೂವತ್ತಾಗುತ್ತದೆ, ಅಂದರೆ ಅಂಚಿನಲ್ಲಿದೆ. ಎರಡೂ ಪತ್ರಿಕೆಗಳ ಆ ದಿನದ ಪ್ರತಿಯನ್ನು ಹುಡುಕಿ ಇಟ್ಟುಕೊಳ್ಳಿ.

ಎರಡನೆಯದು, ನಿಮ್ಮದು ವಿಸ್ತರಣೆ. ಹಾಗಾದರೆ ಹಳೆಯ ಗಣಿಗೆ ಹಿಂದೆ ಕೊಟ್ಟ ಪರಿಸರ ಅನುಮತಿಯೊಂದು ಇರಬೇಕು, ಅದಕ್ಕೆ ಷರತ್ತುಗಳೂ ಇರುತ್ತವೆ. ಆ ಷರತ್ತುಗಳನ್ನು ಪಾಲಿಸಿದ ಬಗ್ಗೆ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಸಲ್ಲಿಸಬೇಕು. ಅವು ಸಾರ್ವಜನಿಕ ದಾಖಲೆಗಳು. ಧೂಳಿಗೆ ನೀರು ಸಿಂಪಡಿಸುತ್ತೇವೆ, ಗಿಡ ನೆಡುತ್ತೇವೆ ಎಂದು ಹಿಂದೆ ಹೇಳಿದ್ದು ಏನಾಯಿತು ಎಂದು ಕೇಳುವುದಕ್ಕಿಂತ ಒಳ್ಳೆಯ ಪ್ರಶ್ನೆ ಆಲಿಕೆಯಲ್ಲಿ ಇಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನು ಅದಕ್ಕೆ ಬಳಸಿ. ಹತ್ತು ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಒಳಗೆ. ಆಲಿಕೆಯ ಹೊತ್ತಿಗೆ ಬಾರದಿದ್ದರೂ ಮುಂದೆ ಬೇಕಾಗುತ್ತದೆ.

ಅಡ್ಡಮಾತು · ಮಂಗಳವಾರ, ಸಂಜೆ 5.55

ಇದೆಲ್ಲ ನಾಟಕ. ಆಲಿಕೆಗೆ ಕೋರಂ ಕೂಡ ಬೇಕಿಲ್ಲ, ಹತ್ತು ಜನ ಬಂದರೂ ನಡೆಯುತ್ತದೆ. ಸಾವಿರ ಜನ ವಿರೋಧಿಸಿದರೂ ಅನುಮತಿ ಬರುತ್ತದೆ. ಒಡಿಶಾದ ನಿಯಮಗಿರಿಯಲ್ಲಿ ಮಾಡಿದಂತೆ ಊರವರ ಮತ ಹಾಕಿಸಲಿ, ಆಗ ನೋಡೋಣ.

ವಕೀಲೆ ಧಾರವಾಡ · ಮಂಗಳವಾರ, ರಾತ್ರಿ 8.20

ನಿಯಮಗಿರಿಯ ದಾರಿಯೇ ಬೇರೆ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿನ 12 ಗ್ರಾಮಸಭೆಗಳು ಸೇರಿ, ಹನ್ನೆರಡೂ ಬಾಕ್ಸೈಟ್ ಗಣಿಗಾರಿಕೆ ಬೇಡ ಎಂದವು. ಅದಕ್ಕೆ ಬಲ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ, ಡೋಂಗ್ರಿಯಾ ಕೊಂಡ ಆದಿವಾಸಿಗಳ ಬೆಟ್ಟ ಮತ್ತು ದೇವರು. ಮೇಷ್ಟ್ರ ತೊಗರಿ ಹೊಲ ಪಟ್ಟಾ ಜಮೀನು, ಅರಣ್ಯವಲ್ಲ. ಅಲ್ಲಿ ಆ ಕಾಯ್ದೆ ಕೆಲಸಕ್ಕೆ ಬಾರದು. ಅವರ ಕೈಯಲ್ಲಿರುವುದು ಆಲಿಕೆ ಒಂದೇ.

ಕಲ್ಲು ಕ್ವಾರಿ · ಮಂಗಳವಾರ, ರಾತ್ರಿ 10.45

ನಾನು ಗಣಿ ಇಂಜಿನಿಯರ್. ಎಲ್ಲರೂ ಬೈಯುವ ಜಾಗದಲ್ಲಿ ಹದಿನೇಳು ವರ್ಷ ದುಡಿದಿದ್ದೇನೆ, ನಾಲ್ಕು ಆಲಿಕೆಗಳಲ್ಲಿ ವೇದಿಕೆಯ ಆ ಬದಿಯಲ್ಲಿ ಕುಳಿತಿದ್ದೇನೆ. ಇಲ್ಲಿ ಬರೆಯುವವರ ಮನೆಗಳೂ ಸುಣ್ಣಕಲ್ಲಿನಿಂದಾಗುವ ಸಿಮೆಂಟಿನವೇ ಎಂಬುದನ್ನು ಒಮ್ಮೆ ನೆನಪಿಸಿ ಮುಂದೆ ಹೋಗುತ್ತೇನೆ.

ಮೇಷ್ಟ್ರಿಗೆ ಒಂದು ಮಾತು. ಆಲಿಕೆ ಚುನಾವಣೆಯಲ್ಲ. ‘ನಮಗೆ ಗಣಿ ಬೇಡ’ ಎಂದು ಐನೂರು ಜನ ಸಹಿ ಹಾಕಿದ ಮನವಿಗೆ ನಾವು ಒಂದೇ ಸಾಲಿನ ಉತ್ತರ ಬರೆಯುತ್ತೇವೆ. ‘ವರದಿಯ ಇಂಥ ಪುಟದಲ್ಲಿ ಇಂಥ ಅಂಕಿ ತಪ್ಪಾಗಿದೆ’ ಎಂದು ಒಬ್ಬನೇ ಎದ್ದು ಹೇಳಿದರೆ ಅಂದು ರಾತ್ರಿ ವರದಿ ಬರೆದ ಸಲಹಾ ಸಂಸ್ಥೆಯವರಿಗೆ ನಿದ್ದೆ ಇರುವುದಿಲ್ಲ. ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು ಎಂಬ ಮಾತು ಅಧಿಸೂಚನೆಯಲ್ಲಿದೆ. ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯ ವರದಿಯ ಭಾಗಗಳೇ ಬಂದು ಕೂತಿದ್ದವು. ಓದಿದವರಿದ್ದರು, ಹಿಡಿದರು. ಓದುವವರು ಇರುವುದಿಲ್ಲ ಎಂಬ ಧೈರ್ಯದಲ್ಲೇ ಎಷ್ಟೋ ವರದಿಗಳು ತಯಾರಾಗುತ್ತವೆ, ಒಪ್ಪುತ್ತೇನೆ.

ಅಂತರ್ಜಲದ ಅಧ್ಯಾಯ ತೆರೆಯಿರಿ. ಸುತ್ತಲಿನ 10 ಕಿಲೋಮೀಟರಿನ ಬಾವಿಗಳ ಪಟ್ಟಿ ಇರುತ್ತದೆ. ಅವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಶರಾವತಿ ಕಣಿವೆ · ಬುಧವಾರ, ಬೆಳಿಗ್ಗೆ 9.00

ನಾವು ಹೊನ್ನಾವರದ ಕಡೆಯವರು. 2025ರ ಸೆಪ್ಟೆಂಬರ್‌ನಲ್ಲಿ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಜಲವಿದ್ಯುತ್ ಯೋಜನೆಗೆ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ಆಲಿಕೆ ನಡೆದಾಗಿನಿಂದ ನಮ್ಮ ಮನೆಯಲ್ಲಿ ‘ಇಐಎ’ ಎಂಬ ಪದ ಅಜ್ಜಿಗೂ ಗೊತ್ತು.

ಭಾಷೆಯ ವಿಷಯದಲ್ಲಿ ನನಗೆ ಬೇರೆಯೇ ಒಂದು ಸಂಕಟವಿದೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ಪಶ್ಚಿಮ ಘಟ್ಟದ ವರದಿಯನ್ನು 2011ರ ಆಗಸ್ಟ್ 31ಕ್ಕೆ ಸಲ್ಲಿಸಿತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಮುಚ್ಚಿಟ್ಟುಕೊಂಡಿತು. ಕೇರಳದ ಒಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳಿದರು, ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಿತು, ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಅಲ್ಲೂ ಸೋತಿತು. 2012ರ ಮೇ ತಿಂಗಳಲ್ಲಿ ವರದಿ ಬಯಲಿಗೆ ಬಂತು. ಒಂಬತ್ತು ತಿಂಗಳು! ಆ ಒಂಬತ್ತು ತಿಂಗಳಲ್ಲಿ, ಆಮೇಲೂ, ಮಲೆನಾಡಿನ ಚಹಾ ಅಂಗಡಿಗಳಲ್ಲಿ ಓಡಾಡಿದ್ದು ವರದಿಯಲ್ಲ, ವರದಿಯ ಬಗೆಗಿನ ಸುದ್ದಿ. ‘ತೋಟಕ್ಕೆ ಗೊಬ್ಬರ ಹಾಕುವಂತಿಲ್ಲವಂತೆ, ಮನೆಗೆ ಹಂಚು ಬದಲಿಸುವಂತಿಲ್ಲವಂತೆ.’ ವರದಿಯನ್ನು ವಿರೋಧಿಸಿದ ಮೆರವಣಿಗೆಯಲ್ಲಿ ನಮ್ಮ ತಂದೆಯೂ ಇದ್ದರು. ಯಾವ ಊರಿಗೆ ಯಾವ ನಿರ್ಬಂಧ ಎಂಬುದನ್ನು ಗ್ರಾಮಸಭೆಗಳ ಜೊತೆ ಚರ್ಚಿಸಿಯೇ ತೀರ್ಮಾನಿಸಬೇಕು ಎಂದು ಆ ವರದಿಯೇ ಹೇಳಿತ್ತು ಎಂಬುದು ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ನಾನು ಓದಿ ಹೇಳಿದಾಗ. ಅವರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವರಿಗೂ ಗೊತ್ತಾಗಲಿಲ್ಲ.

ವಕೀಲೆ ಧಾರವಾಡ · ಬುಧವಾರ, ಬೆಳಿಗ್ಗೆ 11.30

ಇದೇ ಜಗಳ 2020ರಲ್ಲಿ ನ್ಯಾಯಾಲಯದಲ್ಲೂ ನಡೆಯಿತು. ಕೇಂದ್ರ ಸರ್ಕಾರ 2006ರದರ ಜಾಗಕ್ಕೆ ತರಬೇಕೆಂದಿದ್ದ ಹೊಸ ಅಧಿಸೂಚನೆಯ ಕರಡನ್ನು ಕೊರೊನಾ ಕಾಲದಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮುಂದಿಟ್ಟು ಆಕ್ಷೇಪಣೆ ಕೇಳಿತು. ಆಲಿಕೆಯ ನೋಟಿಸಿನ 30 ದಿನವನ್ನು 20ಕ್ಕೆ ಇಳಿಸುವ ಪ್ರಸ್ತಾವವೂ ಅದರಲ್ಲಿತ್ತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಆ ಕರಡು ಕೊನೆಗೂ ಅಂತಿಮವಾಗಲಿಲ್ಲ. ಮೇಷ್ಟ್ರಿಗೆ ಇವತ್ತು 30 ದಿನ ಸಿಕ್ಕಿರುವುದಕ್ಕೆ ಅದೂ ಒಂದು ಕಾರಣ.

ಆರ್ಹುಸ್ ಕನ್ನಡತಿ · ಬುಧವಾರ, ಮಧ್ಯಾಹ್ನ 3.15

ನಾನು ಡೆನ್ಮಾರ್ಕಿನ ಆರ್ಹುಸ್‌ನಲ್ಲಿದ್ದೇನೆ, ತವರು ಹಾಸನ. ನಾನಿರುವ ಊರಿನ ಹೆಸರಿನ ಒಂದು ಒಪ್ಪಂದ ಇದೇ ವಿಷಯಕ್ಕಾಗಿಯೇ ಇದೆ ಎಂಬುದು ಇಲ್ಲಿಗೆ ಬಂದು ನಾಲ್ಕು ವರ್ಷವಾದ ಮೇಲೆ ಗೊತ್ತಾಯಿತು. 1998ರ ಜೂನ್ 25ರಂದು ಇಲ್ಲಿ ಸಹಿಯಾಗಿ, 2001ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಪರಿಸರದ ಮಾಹಿತಿ ಪಡೆಯುವುದು, ನಿರ್ಧಾರದಲ್ಲಿ ಪಾಲ್ಗೊಳ್ಳುವುದು, ಎರಡನ್ನೂ ನಿರಾಕರಿಸಿದರೆ ನ್ಯಾಯ ಕೇಳುವುದು, ಈ ಮೂರು ಅದರ ಕಂಬಗಳು. ಮಾಹಿತಿ ಕೇಳುವವರು ‘ನನಗೇಕೆ ಬೇಕು’ ಎಂದು ಕಾರಣ ಹೇಳಬೇಕಿಲ್ಲ. ಸರ್ಕಾರ ಒಪ್ಪಂದ ಮುರಿದಿದೆ ಎಂದು ಸಾಮಾನ್ಯ ಪ್ರಜೆಯೇ ಅದರ ಸಮಿತಿಗೆ ದೂರು ಬರೆಯಬಹುದು.

ಭಾರತ ಅದರಲ್ಲಿಲ್ಲ. ಅದು ಮೂಲತಃ ಯುರೋಪ್ ಮತ್ತು ಮಧ್ಯ ಏಷ್ಯಾದ ವ್ಯಾಪ್ತಿಯದು, ಆ ವ್ಯಾಪ್ತಿಯ ಹೊರಗಿನಿಂದ ಮೊದಲು ಸೇರಿದ್ದು 2023ರಲ್ಲಿ ಆಫ್ರಿಕಾದ ಗಿನಿ ಬಿಸಾವ್. ಲ್ಯಾಟಿನ್ ಅಮೆರಿಕದವರು ಎಸ್ಕಾಸು ಎಂಬ ತಮ್ಮದೇ ಒಪ್ಪಂದ ಮಾಡಿಕೊಂಡರು, 2021ರಿಂದ ಜಾರಿಯಲ್ಲಿದೆ. ನಮ್ಮ ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಇಲ್ಲ.

ಅಡ್ಡಮಾತು · ಬುಧವಾರ, ಮಧ್ಯಾಹ್ನ 3.40

ಅಲ್ಲಿ ಎಲ್ಲವೂ ಸ್ವರ್ಗ, ಅಲ್ಲವೇ ಅಕ್ಕಾ?

ಆರ್ಹುಸ್ ಕನ್ನಡತಿ · ಬುಧವಾರ, ಸಂಜೆ 4.05

ಖಂಡಿತ ಅಲ್ಲ. ಬ್ರಿಟನ್ ಈ ಒಪ್ಪಂದಕ್ಕೆ ಸಹಿ ಹಾಕಿದ್ದರೂ, ಕೇಸು ಸೋತರೆ ಎದುರಾಳಿಯ ವಕೀಲರ ಖರ್ಚನ್ನು ತಲೆಯ ಮೇಲೆ ಹಾಕಿಕೊಳ್ಳಬೇಕೆಂಬ ಭಯದಿಂದ ಜನ ಕೋರ್ಟಿಗೇ ಹೋಗುತ್ತಿರಲಿಲ್ಲ. 2013ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ವ್ಯಕ್ತಿಗೆ 5,000 ಪೌಂಡ್, ಸಂಘಟನೆಗೆ 10,000 ಪೌಂಡ್ ಎಂದು ಮಿತಿ ಹಾಕಬೇಕಾಯಿತು. ಇಲ್ಲಿ ನೆಮ್ಮದಿ ಎನಿಸುವುದು ಒಂದೇ: ನಾನು ಕೇಳುವ ಕಾಗದ ನಾನು ಓದುವ ಭಾಷೆಯಲ್ಲಿರುತ್ತದೆ. ಡ್ಯಾನಿಶ್ ಮಾತನಾಡುವವರ ಸಂಖ್ಯೆ ಕನ್ನಡದವರಿಗಿಂತ ಎಷ್ಟು ಕಡಿಮೆ ಎಂದು ಯೋಚಿಸಿದಾಗ ಮಾತ್ರ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ತೊಗರಿಹೊಲ · ಶನಿವಾರ, ರಾತ್ರಿ 11.20

ಹೋಗಿ ಬಂದೆ. ಒಂದು ದಿನ ರಜೆ ಹಾಕಿ, ಹತ್ತನೇ ತರಗತಿಯ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಒಬ್ಬಳು ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಮೊದಲು ‘ವರದಿ ಸೆಕ್ಷನ್‌ನಲ್ಲಿಲ್ಲ’ ಎಂದರು. ಟಪಾಲು ಸರ್ ಹೇಳಿದಂತೆ ಹಿಂಬರಹ ಕೇಳಿದೆ. ಹತ್ತು ನಿಮಿಷದಲ್ಲಿ ಬೀರುವಿನ ಮೇಲಿನಿಂದ ಇಳಿಯಿತು. ಧೂಳು ಒರೆಸಿ ಕೊಟ್ಟರು, ಕುರ್ಚಿಯನ್ನೂ ಕೊಟ್ಟರು, ಸುಳ್ಳು ಹೇಳಬಾರದು.

ಕ್ವಾರಿ ಸರ್, ಅಂತರ್ಜಲದ ಅಧ್ಯಾಯ ತೆರೆದೆವು. ಬಾವಿಗಳ ಪಟ್ಟಿಯಲ್ಲಿ ನಮ್ಮ ಊರಿನ ಹನುಮಪ್ಪನ ಗುಡಿಯ ಮುಂದಿನ ಸೇದುವ ಬಾವಿ ಇದೆ. ನೀರಿನ ಮಟ್ಟ ನೆಲದಿಂದ 7.2 ಮೀಟರ್ ಎಂದು ಬರೆದಿದ್ದಾರೆ. ಆ ಬಾವಿಗೆ ಒಂದು ಮಗು ಬಿದ್ದ ಮೇಲೆ ಅದನ್ನು ಮುಚ್ಚಿ ಎಂಟು ವರ್ಷಗಳಾದವು. ಈಗ ಅದರ ಮೇಲೆ ಜಾತ್ರೆಯ ತೇರು ನಿಲ್ಲುತ್ತದೆ. ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಪಕ್ಕದ ಪುಟದಲ್ಲಿ ‘ಗಣಿಯಿಂದ ಅಂತರ್ಜಲದ ಮೇಲೆ ಗಣನೀಯ ಪರಿಣಾಮವಿಲ್ಲ’ ಎಂಬ ತೀರ್ಮಾನ ಈ ಪಟ್ಟಿಯ ಮೇಲೆಯೇ ನಿಂತಿದೆ.

ಕಲ್ಲು ಕ್ವಾರಿ · ಶನಿವಾರ, ರಾತ್ರಿ 11.50

ಬಾವಿ ಮುಚ್ಚಿದ ಪಂಚಾಯಿತಿ ಠರಾವಿನ ನಕಲು ತೆಗೆಸಿ. ಆ ಪುಟದ ಸಂಖ್ಯೆ ಬರೆದು, ಎರಡನ್ನೂ ಲಗತ್ತಿಸಿ ಲಿಖಿತವಾಗಿ ಕೊಡಿ. ನಾನು ಇದನ್ನು ಹೇಳಿಕೊಟ್ಟೆ ಎಂದು ಎಲ್ಲಿಯೂ ಹೇಳಬೇಡಿ.

ಹಳೆಯ ಟಪಾಲು · ಭಾನುವಾರ, ಬೆಳಿಗ್ಗೆ 5.50

ಲಿಖಿತ ಆಕ್ಷೇಪಣೆಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಸಹಿ. ಮೊಹರಿಲ್ಲದ ಕಾಗದ ಹುಟ್ಟೇ ಇಲ್ಲ ಎಂದು ತಿಳಿಯಿರಿ.

ಇನ್ನೊಂದು ಅನುಭವದ ಮಾತು. ಇಂಥ ಸಭೆಗಳಿಗೆ ಶಾಮಿಯಾನ ಹಾಕಿಸುವ ಕೆಲಸ ನನ್ನದೇ ಇತ್ತು. ಮಧ್ಯಾಹ್ನ ಒಂದೂವರೆಗೆ ಹಿಂದಿನ ಸಾಲಿನಲ್ಲಿ ಪಲಾವಿನ ಪೊಟ್ಟಣ ಕಾಣಿಸುತ್ತದೆ. ಕುರ್ಚಿಗಳು ಖಾಲಿಯಾಗುತ್ತವೆ. ನಡಾವಳಿ ಓದುವುದು ಆಮೇಲೆ! ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅಂದೇ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಮಾಡಬೇಕು. ನೀವು ಹೇಳಿದ್ದು ಅದರಲ್ಲಿ ಬಂದಿದೆಯೇ ಎಂದು ಕೇಳಿಸಿಕೊಳ್ಳುವವರೆಗೆ ಊಟಕ್ಕೆ ಏಳಬೇಡಿ. ವಿಡಿಯೊ ಚಿತ್ರೀಕರಣ ಕಡ್ಡಾಯ, ಕ್ಯಾಮೆರಾ ಯಾವ ಕಡೆ ತಿರುಗಿದೆ ಎಂದೂ ನೋಡಿಕೊಳ್ಳಿ.

‘ಅಹವಾಲು ಸಭೆ’ ಎಂದರೆ ಹೇಳುವವರ ಸಭೆ, ‘ಆಲಿಕೆ’ ಎಂದರೆ ಕೇಳಿಸಿಕೊಳ್ಳುವವರ ಸಭೆ. ನೋಟಿಸಿನಲ್ಲಿ ಎರಡನೆಯ ಪದ ಹಾಕಿದವನು ಯಾವನೋ ಕನ್ನಡ ಎಂ.ಎ. ಮಾಡಿದ ಗುಮಾಸ್ತನಿರಬೇಕು.

ತೊಗರಿಹೊಲ · ಮೂರು ವಾರಗಳ ನಂತರ, ಬುಧವಾರ ರಾತ್ರಿ

ಸಭೆ ಮುಗಿಯಿತು. ಸುಮಾರು ಮುನ್ನೂರು ಜನ ಬಂದಿದ್ದರು. ಮಾತನಾಡಿದವರಲ್ಲಿ ಅರ್ಧದಷ್ಟು ಜನ ಕೆಲಸ ಕೇಳಿದರು. ನಮ್ಮ ಊರಿನ ಹುಡುಗರೇ. ನನಗೆ ಮೊದಲು ಬೇಸರವಾಯಿತು, ಆಮೇಲೆ ಅವರ ಮನೆಗಳು ನೆನಪಾದವು. ಒಬ್ಬ ಹೆಣ್ಣುಮಗಳು ಸಿಡಿಮದ್ದಿಗೆ ಬಿರುಕು ಬಿಟ್ಟ ಗೋಡೆಯ ಫೋಟೊ ತಂದು ವೇದಿಕೆಯ ಮೇಜಿನ ಮೇಲಿಟ್ಟಳು, ಮಾತೇ ಆಡಲಿಲ್ಲ. ತೊಗರಿ ಹೂ ಬಿಡುವ ಕಾಲದಲ್ಲಿ ಧೂಳು ಕೂರುವುದನ್ನು ಅಪ್ಪ ಹೇಳಿದರು.

ನಾನು ಬಾವಿಯ ವಿಷಯ ಹೇಳಿ, ಠರಾವಿನ ನಕಲು ಕೊಟ್ಟೆ. ಕಂಪನಿಯ ಪರವಾಗಿ ಬಂದವರು ‘ಪರಿಶೀಲಿಸಲಾಗುವುದು’ ಎಂದರು. ಪಲಾವು ಸರಿಯಾಗಿ ಒಂದೂವರೆಗೆ ಬಂತು. ನಾವು ಹನ್ನೊಂದು ಜನ ಕುಳಿತೇ ಇದ್ದೆವು. ನಡಾವಳಿಯಲ್ಲಿ ‘ಸ್ಥಳೀಯರು ನೀರಿನ ಸಮಸ್ಯೆ ಪ್ರಸ್ತಾಪಿಸಿದರು’ ಎಂದು ಓದಿದರು. ಎದ್ದು ನಿಂತು ಬಾವಿ, ಪುಟ, ಠರಾವು ಎಂದು ಮೂರೂ ಸೇರಿಸಿ ಎಂದೆ. ಸಹಿ ಮಾಡಬೇಕಿದ್ದ ಅಧಿಕಾರಿ ನನ್ನನ್ನು ಒಂದು ಕ್ಷಣ ನೋಡಿ, ಪೆನ್ನು ತೆಗೆದು ತಾವೇ ಬರೆದರು. ಒಳ್ಳೆಯವರು.

ನಗರದವನು · ಗುರುವಾರ, ಬೆಳಿಗ್ಗೆ

ಈ ಚರ್ಚೆಯನ್ನು ಈಗ ಓದಿದೆ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, 812 ಮರ ಎಂದಾಗ ನಾವು ಸಾವಿರಾರು ಜನ ಮಾನವ ಸರಪಳಿ ಕಟ್ಟಿದೆವು. ಹನ್ನೆರಡು ದಿನದಲ್ಲಿ ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಬಂತು, ಮುಂದಿನ ಮಾರ್ಚ್‌ನಲ್ಲಿ ಯೋಜನೆಯೇ ರದ್ದಾಯಿತು. ನಮ್ಮ ಜೊತೆ ವಕೀಲರಿದ್ದರು, ಟಿವಿ ಇತ್ತು, ರಜೆ ಹಾಕಬಲ್ಲ ನೌಕರಿ ಇತ್ತು. ಪಲಾವಿನ ಮುಂದೆ ಕುಳಿತ ನಿಮ್ಮ ಹನ್ನೊಂದು ಜನರ ಪಕ್ಕದಲ್ಲಿ ನಮ್ಮ ಸರಪಳಿ ಸ್ವಲ್ಪ ಸಲೀಸಾಗಿತ್ತು ಎನಿಸುತ್ತಿದೆ.

ವಕೀಲೆ ಧಾರವಾಡ · ಗುರುವಾರ, ಮಧ್ಯಾಹ್ನ

ಮೇಷ್ಟ್ರೇ, ಇಲ್ಲಿಂದ ಮುಂದೆ ಅಪಾಯವಿರುವುದು ಮೌನದಲ್ಲಿ. ಕಡತ ತಜ್ಞರ ಮೌಲ್ಯಮಾಪನ ಸಮಿತಿಗೆ ಹೋಗುತ್ತದೆ, ನಿಮಗೆ ಯಾರೂ ತಿಳಿಸುವುದಿಲ್ಲ. ಅನುಮತಿ ಹೊರಬಿದ್ದರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ಸಕಾರಣವಿದ್ದರೆ ಇನ್ನೂ 60 ದಿನ. ತೊಂಬತ್ತೊಂದನೇ ದಿನ ಸಾಕ್ಷಾತ್ ಹನುಮಪ್ಪನೇ ಬಂದರೂ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಪರಿಸರ ಅನುಮತಿಗಳನ್ನು ಹಾಕುವ ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣವನ್ನು ವಾರಕ್ಕೊಮ್ಮೆ ನೋಡಲು ಆ ಬಿ.ಎಸ್ಸಿ. ಹುಡುಗಿಗೆ ಹೇಳಿ.

ಬಿ.ಎಸ್ಸಿ. ಹುಡುಗಿ · ಐದು ತಿಂಗಳ ನಂತರ, ಸೋಮವಾರ

ಮೇಷ್ಟ್ರು ಜಾತ್ರೆಯ ಓಡಾಟದಲ್ಲಿದ್ದಾರೆ, ನಾನು ಬರೆಯುತ್ತಿದ್ದೇನೆ. ಅನುಮತಿ ಕೊಟ್ಟಿದ್ದಾರೆ. ಪತ್ರದ ದಿನಾಂಕ 19 ದಿನಗಳ ಹಿಂದಿನದು. ಜಾಲತಾಣದಲ್ಲಿ ಹೋದ ವಾರ ನೋಡಿದಾಗ ಇರಲಿಲ್ಲ. ಸಮಿತಿಯ ನಡಾವಳಿಯನ್ನೂ ಓದಿದೆ. ‘ಆಲಿಕೆಯಲ್ಲಿ ಎತ್ತಿದ ವಿಷಯಗಳಿಗೆ ಕಂಪನಿಯ ಉತ್ತರ ತೃಪ್ತಿಕರ’ ಎಂದು ಒಂದೇ ಸಾಲು. ಬಾವಿಯ ಹೆಸರೇ ಇಲ್ಲ.

ವಕೀಲೆ ಧಾರವಾಡ · ಸೋಮವಾರ, ಹತ್ತು ನಿಮಿಷದ ನಂತರ

ಆ ಒಂದೇ ಸಾಲು ನಮಗೆ ಬೇಕಾದದ್ದು. ಆಲಿಕೆಯ ಆಕ್ಷೇಪಣೆಗಳನ್ನು ಏಕೆ ಒಪ್ಪಿದೆವು, ಏಕೆ ಬಿಟ್ಟೆವು ಎಂದು ಸಮಿತಿ ಕಾರಣ ಬರೆಯಬೇಕು ಎಂದು ದೆಹಲಿ ಹೈಕೋರ್ಟ್ 2009ರಲ್ಲೇ ಗೋವಾದ ಗಣಿಯೊಂದರ ಪ್ರಕರಣದಲ್ಲಿ ಹೇಳಿದೆ. ಬಾವಿಯ ಮಾತು ಸಹಿಯಾದ ನಡಾವಳಿಯಲ್ಲಿದೆ, ಸಮಿತಿಯ ಟಿಪ್ಪಣಿಯಲ್ಲಿಲ್ಲ. ಮೇಲ್ಮನವಿಗೆ ಅದೇ ಬೆನ್ನೆಲುಬು.

ಕಾಲಮಿತಿಯ ಬಗ್ಗೆ: ಅರುಣಾಚಲದ ತವಾಂಗ್‌ನ ಜಲವಿದ್ಯುತ್ ಯೋಜನೆಯ ಪ್ರಕರಣದಲ್ಲಿ 2013ರಲ್ಲಿ ನ್ಯಾಯಮಂಡಳಿ ಹೇಳಿದ್ದು ಇದು: ಪತ್ರದ ಮೇಲಿನ ದಿನಾಂಕದಿಂದ ಗಡಿಯಾರ ಓಡುವುದಿಲ್ಲ, ಅದು ಜನರಿಗೆ ಸರಿಯಾಗಿ ತಲುಪಿದ ದಿನದಿಂದ ಓಡುತ್ತದೆ. ಜಾಲತಾಣದಲ್ಲಿ ಹಾಕಬೇಕು, ಕಂಪನಿ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಪಂಚಾಯಿತಿಗೆ ಪ್ರತಿ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಫಲಕದಲ್ಲಿ ಹಾಕಬೇಕು. ಆದರೂ ಆ ವಾದವನ್ನು ನಂಬಿ ತಡಮಾಡುವುದು ಬೇಡ, 19 ಎಂದೇ ಎಣಿಸಿ.

ಪೀಠ ಚೆನ್ನೈನಲ್ಲಿದೆ, ಕಲಾಪ ಇಂಗ್ಲಿಷಿನಲ್ಲಿ. ಕನ್ನಡದ ಠರಾವು ಮತ್ತು ನಡಾವಳಿಯನ್ನು ಅನುವಾದಿಸಬೇಕು, ಅದನ್ನು ನಾನು ಮಾಡುತ್ತೇನೆ. ಪರಿಹಾರ ಕೇಳದ ಮೇಲ್ಮನವಿಗೆ ಶುಲ್ಕ ಸಾವಿರ ರೂಪಾಯಿ. ಗೋಡೆಯ ಫೋಟೊ ತಂದ ಆ ಹೆಣ್ಣುಮಗಳು ಜೊತೆಗೆ ಅರ್ಜಿದಾರಳಾಗುವಳೇ ಕೇಳಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಆರ್ಹುಸ್ ಕನ್ನಡತಿ · ಸೋಮವಾರ, ಸಂಜೆ

ಅನುವಾದದಲ್ಲಿ ನಾನೂ ಸೇರುತ್ತೇನೆ. ‘ಅತಿಯಾದ ಹೊರೆ’ಯನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುವ ಸುಖ ನನಗಿರಲಿ.

ಹಳೆಯ ಟಪಾಲು · ಮಂಗಳವಾರ, ಬೆಳಿಗ್ಗೆ 5.40

ಪಂಚಾಯಿತಿ ಫಲಕದ ಫೋಟೊ ತೆಗೆದಿರಾ? ಹಿಂಬರಹ ಬರೆಸಿಕೊಂಡಿರಾ?

ತೊಗರಿಹೊಲ · ಮಂಗಳವಾರ, ರಾತ್ರಿ 9.15

ಎರಡೂ ಆಯಿತು ಸರ್. ಇವತ್ತಿನ ಪತ್ರಿಕೆಯನ್ನು ಪಕ್ಕದಲ್ಲಿ ಹಿಡಿದು ಫೋಟೊ ತೆಗೆದೆವು. ಫಲಕದಲ್ಲಿ ಅನುಮತಿ ಪತ್ರ ಇಲ್ಲ, ನಮ್ಮ ಹಳೆಯ ಆಲಿಕೆಯ ನೋಟಿಸು ಒಂದು ಮೂಲೆ ಹರಿದು ಇನ್ನೂ ಅಂಟಿಕೊಂಡಿದೆ. ಪಿಡಿಒ ಹಿಂಬರಹ ಕೊಟ್ಟರು: ‘ಸದರಿ ಪತ್ರದ ಪ್ರತಿಯು ಈ ಕಚೇರಿಗೆ ಸ್ವೀಕೃತವಾಗಿರುವುದಿಲ್ಲ.’ ಮೊಹರು ಇದೆ, ದಿನಾಂಕ ಇದೆ.

ಮೇಡಂ, ಇವತ್ತಿಗೆ ಇಪ್ಪತ್ತು. ನಾಳೆ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೊರಡುತ್ತಿದ್ದೇನೆ. ಗೋಡೆ ಬಿರುಕು ಬಿಟ್ಟ ಮನೆಯಾಕೆಯೂ ಬರುತ್ತಿದ್ದಾಳೆ, ಆಕೆ ಇದುವರೆಗೆ ಕಲಬುರಗಿ ದಾಟಿದವಳಲ್ಲ. ಠರಾವಿನ ಮೂಲ ಪ್ರತಿ ತರಬೇಕೋ, ದೃಢೀಕೃತ ನಕಲು ಸಾಕೋ, ರಾತ್ರಿಯೇ ತಿಳಿಸಿ.